ಆನೆ ಸವಾರಿ ಇಲ್ಲದ ಮಳೆಕಾಡಿನ ಕ್ಯಾಂಪಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಮುಳ್ಳೇರಿಯದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯ ಹತ್ತಿರ. ನಾನು ಈಗ ಕೆಲಸದಲ್ಲಿ ಬೆಂಗಳೂರಿನಲ್ಲಿದ್ದೇನೆ. ಬರುವ ಫೆಬ್ರವರಿಯಲ್ಲಿ ಅಮ್ಮ, ನಾನು, ನನ್ನ ಒಂಬತ್ತು ವರ್ಷದ ಮಗ ಮೂವರೂ ಥಾಯ್ಲೆಂಡಿಗೆ ಹೋಗುವ ಯೋಚನೆ ಉಂಟು. ಬ್ಯಾಂಕಾಕಿನ ಅಂಗಡಿ ಸುತ್ತುವ ಆಸೆ ನಮಗಿಲ್ಲ. ದಕ್ಷಿಣದಲ್ಲಿ ಸೂರತ್ ಥಾನಿ ಅಂತ ಒಂದು ಪ್ರಾಂತ್ಯ. ಅಲ್ಲಿ ಖಾವೊ ಸೊಕ್ ರಾಷ್ಟ್ರೀಯ ಉದ್ಯಾನ ಇದೆ. ಪಕ್ಕದಲ್ಲೇ ಟೆಂಟಿನಲ್ಲಿ ಉಳಿಯುವ ಮಳೆಕಾಡಿನ ಕ್ಯಾಂಪುಗಳಿವೆ. ಕೆಲವು ಕಡೆ ಆನೆಗಳೂ ಇವೆಯಂತೆ. ಸವಾರಿ ಇಲ್ಲ, ಆಟ ಆಡಿಸುವುದಿಲ್ಲ, ಆನೆಗೆ ತೊಂದರೆ ಆಗದ ಹಾಗೆ ನೋಡಬಹುದು ಅಂತ ಹೇಳುತ್ತಾರೆ.

ಇಷ್ಟು ದೂರ ಯಾಕೆ ಅಂತ ಕೇಳಬಹುದು. ಕಾರಣ ಅಮ್ಮ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನಮ್ಮ ತೋಟಕ್ಕೆ ಆನೆಗಳು ಇಳಿದವು. ಒಂದೇ ರಾತ್ರಿ ಅರವತ್ತು ಬಾಳೆ, ಹದಿನಾಲ್ಕು ಅಡಿಕೆ ಮರ ಹೋಯಿತು. ಅಮ್ಮ ಒಬ್ಬರೇ ಇದ್ದರು. ತಾರಸಿ ಮೇಲೆ ನಿಂತು ಬೆಳಗಿನವರೆಗೆ ಡಬ್ಬ ಬಡಿದಿದ್ದಾರೆ. ಮರ ಮುರಿಯುವ ಸದ್ದು ಕೇಳಿದ್ದು ಬಿಟ್ಟರೆ ಏನೂ ಕಾಣಲಿಲ್ಲವಂತೆ. ಬೆಳಗ್ಗೆ ಹೋಗಿ ನೋಡಿದರೆ ಕೆಸರಿನಲ್ಲಿ ಮೊರದಷ್ಟು ಅಗಲದ ಹೆಜ್ಜೆ. ಅದರ ಪಕ್ಕದಲ್ಲೇ ನನ್ನ ಅಂಗೈಯಷ್ಟು ಚಿಕ್ಕ ಹೆಜ್ಜೆ. ಅಮ್ಮ ಆ ಚಿಕ್ಕ ಹೆಜ್ಜೆಯ ವಿಷಯ ಇವತ್ತಿಗೂ ಹೇಳುತ್ತಾರೆ. ಹಗಲು ಬೆಳಕಿನಲ್ಲಿ ಒಮ್ಮೆ ಸರಿಯಾಗಿ ಆನೆ ನೋಡಬೇಕು ಅಂತ ಅವರಿಗೆ ಆಸೆ. ಜಾತ್ರೆಯಲ್ಲಿ ನೋಡಿದ್ದಾರೆ. ಕಾಲಿಗೆ ಸರಪಳಿ, ಕಿವಿಗೆ ಚೆಂಡೆಯ ಅಬ್ಬರ. ಅದನ್ನು ನೋಡಿದರೆ ಅವರಿಗೆ ಸಂಕಟ ಆಗುತ್ತದೆ.

ಇಂಥ ಕ್ಯಾಂಪಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಹೇಳುವುದಕ್ಕೂ ಅಲ್ಲಿ ನಡೆಯುವುದಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆ?

ಬದಿಯಡ್ಕದ ಭಾವ:

ನಾನು ಎಂಟು ವರ್ಷ ಬ್ಯಾಂಕಾಕಿನಲ್ಲಿ ಕೆಲಸ ಮಾಡಿದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಅಲ್ಲಿನ ಆನೆಗಳ ಕಥೆ ಗೊತ್ತಿರಬೇಕು. ಥಾಯ್ಲೆಂಡಿನಲ್ಲಿ ಸಾಕಿದ ಆನೆಗಳು ಮರ ಎಳೆಯುವ ಕೆಲಸದಲ್ಲಿದ್ದವು. 1988ರ ನವೆಂಬರಿನಲ್ಲಿ ದಕ್ಷಿಣದಲ್ಲಿ ದೊಡ್ಡ ಪ್ರವಾಹ ಬಂತು. ಮರ ಕಡಿದು ಬೋಳಾದ ಗುಡ್ಡಗಳು ಜಾರಿದವು, ಕಡಿದಿಟ್ಟ ದಿಮ್ಮಿಗಳೇ ಊರಿನ ಮೇಲೆ ಉರುಳಿದವು. 1989ರ ಜನವರಿಯಲ್ಲಿ ಸರಕಾರ ಕಾಡು ಕಡಿಯುವುದನ್ನೇ ನಿಲ್ಲಿಸಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಆದರೆ ಆನೆಗಳಿಗೂ ಮಾವುತರಿಗೂ ಕೆಲಸ ಇಲ್ಲದಾಯಿತು. ಕೆಲವರು ಆನೆಯನ್ನು ಹಿಡಿದುಕೊಂಡು ಪೇಟೆಯಲ್ಲಿ ಬಾಳೆಹಣ್ಣು ಮಾರುತ್ತಾ ಭಿಕ್ಷೆ ಬೇಡಿದರು. ಉಳಿದವರು ಪ್ರವಾಸಿಗರನ್ನು ಬೆನ್ನ ಮೇಲೆ ಕೂರಿಸಿದರು. ಸವಾರಿ ಕ್ಯಾಂಪುಗಳು ಬೆಳೆದದ್ದು ಹೀಗೆ.

ಇನ್ನೊಂದು ವಿಷಯ. ಅಲ್ಲಿ ಸಾಕಾನೆಗೆ 1939ರ ಹಳೇ ಕಾನೂನು. ಎತ್ತು, ಎಮ್ಮೆ, ಕುದುರೆ ಜೊತೆಗೆ ಅದೂ ದುಡಿಯುವ ಪ್ರಾಣಿ. ಕಾಡಾನೆಗೆ ಬೇರೆ ಕಾನೂನು. ಹಾಗಾಗಿ ಕ್ಯಾಂಪಿನ ಆನೆ ಅಂದರೆ ಒಬ್ಬರ ಆಸ್ತಿ. ಅದನ್ನು ಸುಮ್ನೆ ಕಾಡಿಗೆ ಬಿಡಲು ಆಗುವುದಿಲ್ಲ. ದಿನಕ್ಕೆ ನೂರೈವತ್ತು ಕಿಲೋ ಮೇವು ಯಾರೋ ತರಬೇಕು. ನೀವು ಕೊಡುವ ದುಡ್ಡಿನಲ್ಲಿ ಆ ಮೇವು ಬರುವುದು. 2020ರಲ್ಲಿ ಕೊರೊನಾ ಬಂದು ಕ್ಯಾಂಪುಗಳು ಮುಚ್ಚಿದಾಗ ಮಾವುತರು ಆನೆಗಳನ್ನು ನಡೆಸಿಕೊಂಡೇ ನೂರು, ನೂರೈವತ್ತು ಕಿಲೋಮೀಟರ್ ದೂರದ ತಮ್ಮ ಹಳ್ಳಿಗೆ ಹೋದರು. ಊರಿಗೆ ಹೋದರೆ ಹುಲ್ಲಾದರೂ ಸಿಗುತ್ತದೆ ಅಂತ.

ಸವಾರಿ ಇಲ್ಲದ ಕ್ಯಾಂಪಿನ ಆನೆ ಕೂಡ ಮರಿಯಾಗಿದ್ದಾಗ ಪೆಟ್ಟು ತಿಂದು ಪಳಗಿದ್ದೇ ಆಗಿರಬಹುದು. ಅಮ್ಮನಿಗೆ ಇದನ್ನು ಮೊದಲೇ ಹೇಳಿ. ಹೋಗಬೇಡಿ ಅನ್ನುತ್ತಿಲ್ಲ. ಆದರೆ ಬೋರ್ಡಿನ ಮೇಲಿನ ಹೆಸರು ನಂಬಬೇಡಿ. ನಾನು ಹೋದ ಒಂದು ಜಾಗದ ಹೆಸರಿನಲ್ಲಿ ಆನೆಗಳ ಆಶ್ರಯ ಅಂತ ಇತ್ತು. ಒಳಗೆ ಎರಡು ವರ್ಷದ ಮರಿ ಹುಲಾ ಬಳೆ ತಿರುಗಿಸುತ್ತಿತ್ತು. ಅರ್ಧಕ್ಕೇ ಎದ್ದು ಬಂದೆ.

ಕಾರಡ್ಕದ ಕೃಷಿಕ:

ತಂಗೀ, ನಿನ್ನ ಅಮ್ಮನ ವಿಷಯ ಓದಿ ಮನಸ್ಸು ಭಾರ ಆಯಿತು. ನಮ್ಮಲ್ಲೂ ಅದೇ ಕಥೆ. ಹಲಸು ಹಣ್ಣಾಗುವ ಹೊತ್ತಿಗೆ ನಿದ್ದೆ ಇಲ್ಲ. ಕಾಯಿ ಎಳೆಯದಾಗಿರುವಾಗಲೇ ಕೊಯ್ದು ಹಾಕುತ್ತೇವೆ. ವಾಸನೆ ಹೋದರೆ ಸಾಕು, ಬಂದುಬಿಡುತ್ತವೆ.

ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಒಂದು ಮಾತು ಹೇಳದೆ ಇರಲಾರೆ. ಆನೆ ನೋಡುವುದಕ್ಕೆ ಲಕ್ಷ ಖರ್ಚು ಮಾಡುವವರು ಇದ್ದಾರೆ. ಆನೆ ಜೊತೆ ಬದುಕುವವನಿಗೆ ಬಿದ್ದ ಅಡಿಕೆ ಮರದ ಪರಿಹಾರಕ್ಕೆ ಆಫೀಸಿಗೆ ಎಷ್ಟು ಸಲ ಅಲೆಯಬೇಕು? ಹಾಕಿದ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಆ ವರ್ಷಗಳ ಲೆಕ್ಕ ಯಾವ ಕಾಗದದಲ್ಲೂ ಬರುವುದಿಲ್ಲ.

ಆದರೂ ನಾವು ಯಾರೂ ಆನೆ ಸಾಯಲಿ ಅಂತ ಬಯಸಿದವರಲ್ಲ. ನಮ್ಮ ಕಡೆ ಈಗ ತೂಗು ಬೇಲಿ ಬಂದಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೇ ಸೋಲಾರ್ ಬೇಲಿ ಕಂಬದ ಮೇಲೆ ಅಡ್ಡ ತಂತಿ. ಆನೆ ಬುದ್ಧಿವಂತ. ದಂತದಲ್ಲಿ ಶಾಕ್ ಹೊಡೆಯುವುದಿಲ್ಲ ಅಂತ ಅದಕ್ಕೆ ಗೊತ್ತು, ದಂತದಿಂದಲೇ ತಂತಿ ಕೀಳುತ್ತದೆ. ಇಲ್ಲದಿದ್ದರೆ ಒಂದು ಮರ ಬೀಳಿಸಿ ದಾಟುತ್ತದೆ. ತೂಗು ಬೇಲಿಯಲ್ಲಿ ತಂತಿಗಳು ಮೇಲಿನಿಂದ ನೇತಾಡುತ್ತವೆ. ಕಂಬ ಅದರ ಸೊಂಡಿಲಿಗೆ ಸಿಗುವುದಿಲ್ಲ. ಬ್ಯಾಟರಿಯ ಕರೆಂಟು ಮಿಡಿದು ಮಿಡಿದು ಬರುವುದರಿಂದ ಶಾಕ್ ಹೊಡೆದು ಬಿಡುತ್ತದೆ, ಕೊಲ್ಲುವುದಿಲ್ಲ. ಲೈನಿನಿಂದ ನೇರ ಕರೆಂಟು ಕೊಟ್ಟರೆ ಮಾತ್ರ ಆನೆಯೂ ಸಾಯುತ್ತದೆ, ದನವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. ಬೇಲಿ ಕೆಳಗಿನ ಕಾಡು ಮಾತ್ರ ಸವರುತ್ತಾ ಇರಬೇಕು. ಒಂದು ಬಳ್ಳಿ ತಂತಿಗೆ ತಾಗಿದರೂ ಕರೆಂಟು ನೆಲಕ್ಕೆ ಹೋಯಿತು.

ತಾಳವಾಡಿ ಹುಡುಗ:

ಕಾರಡ್ಕದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಈರೋಡ್ ಜಿಲ್ಲೆಯ ತಾಳವಾಡಿ. ಮನೆ ಮಾತು ಕನ್ನಡ, ಸುತ್ತ ಸತ್ಯಮಂಗಲದ ಕಾಡು. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುತ್ತವೆ. ಲಾರಿಯವರು ಮೊದಮೊದಲು ಪ್ರೀತಿಯಿಂದಲೇ ಒಂದೆರಡು ಜಲ್ಲೆ ಎಸೆದಿರಬೇಕು. ಈಗ ತಾಯಿ ಆನೆ ಮರಿಗೂ ಅದನ್ನೇ ಕಲಿಸಿದೆ.

ನಾನು ಹೇಳಬೇಕಾದ್ದು ಬೇರೆ. ಅಕ್ಕ, ನೀವು ಆನೆಯ ವಿಷಯ ಮಾತ್ರ ಕೇಳಿದ್ದೀರಿ. ಕ್ಯಾಂಪ್ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಪಕ್ಕದ ನೀಲಗಿರಿಯಲ್ಲಿ ನೋಡಿ. ಮುದುಮಲೈ ಪಕ್ಕ ಸೀಗೂರು ಬಯಲಿದೆ. ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟಕ್ಕೆ ಆನೆಗಳು ಹೋಗುವ ದಾರಿ ಅದು. ಅದರ ಮಧ್ಯೆಯೇ ರೆಸಾರ್ಟುಗಳು ಎದ್ದವು. ಎಲ್ಲದರ ಬೋರ್ಡಿನ ಮೇಲೂ ಕಾಡು, ಪರಿಸರ, ಪ್ರಕೃತಿ ಅಂತಲೇ ಇತ್ತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು 27 ರೆಸಾರ್ಟುಗಳಿಗೆ ಬೀಗ ಹಾಕಿಸಿತು. 2020ರ ಅಕ್ಟೋಬರಿನಲ್ಲಿ ಆನೆ ದಾರಿಯ ಹಕ್ಕನ್ನು ಎತ್ತಿಹಿಡಿದು ತೀರ್ಪು ಕೊಟ್ಟಿತು.

ಇದಾಗಿ ಮೂರೇ ತಿಂಗಳು. 2021ರ ಜನವರಿಯಲ್ಲಿ ಮಸಿನಗುಡಿಯಲ್ಲಿ ಒಂದು ಆನೆಯ ತಲೆ ಮೇಲೆ ಉರಿಯುವ ಟೈರು ಎಸೆದರು. ಕಿವಿ ಹರಿದು ರಕ್ತ ಸುರಿಯುತ್ತಾ ಓಡಾಡಿತು. ಚಿಕಿತ್ಸೆಗೆ ಸಾಗಿಸುವಾಗ ಸತ್ತಿತು. ಅದರ ಸೊಂಡಿಲು ಹಿಡಿದುಕೊಂಡು ಒಬ್ಬ ಅರಣ್ಯ ಸಿಬ್ಬಂದಿ ಅತ್ತ ವಿಡಿಯೋ ನೀವೂ ನೋಡಿರುತ್ತೀರಿ. ನನಗೆ ಈಗಲೂ ಅದನ್ನು ಪೂರ್ತಿ ನೋಡಲು ಆಗುವುದಿಲ್ಲ.

ಹಾಗಾಗಿ ಕ್ಯಾಂಪಿನವರನ್ನು ಕೇಳಿ. ರಾತ್ರಿ ದೀಪ ಎಷ್ಟು ಹೊತ್ತು ಉರಿಯುತ್ತದೆ? ಹಾಡು, ಬೆಂಕಿ, ಕುಣಿತ ಉಂಟಾ? ಉಳಿದ ಊಟ ಎಲ್ಲಿ ಹಾಕುತ್ತಾರೆ? ಅನ್ನದ ಗುಂಡಿ ತೆರೆದೇ ಇದ್ದರೆ ಮೊದಲು ಹಂದಿ ಬರುತ್ತದೆ, ಆಮೇಲೆ ಆನೆ. ಕಾಡುಪ್ರಾಣಿ ಹತ್ತಿರ ಬರಲಿ ಅಂತ ಉಪ್ಪು ಸುರಿಯುವವರನ್ನೂ ನಾನು ನೋಡಿದ್ದೇನೆ.

ಪುತ್ತೂರಿನ ಪಶುವೈದ್ಯೆ:

ಮುಳ್ಳೇರಿಯದವರೇ, ನೀವು ಅಲ್ಲಿಗೆ ಹೋದ ಮೇಲೆ ಕಣ್ಣಿಂದ ಏನು ನೋಡಬೇಕು ಅಂತ ಹೇಳುತ್ತೇನೆ.

ಆನೆ ಒಂದೇ ಕಡೆ ನಿಂತು ತಲೆಯನ್ನು ಅತ್ತಿತ್ತ ತೂಗುತ್ತಾ ಇದ್ದರೆ ಅದು ಕುಣಿತ ಅಲ್ಲ. ವರ್ಷಗಟ್ಟಲೆ ಕಟ್ಟಿಹಾಕಿದ್ದರಿಂದ ಬಂದ ಅಭ್ಯಾಸ. ನೋಡುವವರು ಖುಷಿಯಲ್ಲಿದೆ ಅಂದುಕೊಳ್ಳುತ್ತಾರೆ. ನನಗೆ ಅದನ್ನು ಕಂಡರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಕಾಲಿನ ಕೆಳಗೆ ಏನಿದೆ ನೋಡಿ. ಸಿಮೆಂಟಿನ ಮೇಲೆ ನಿಂತ ಆನೆಯ ಪಾದ ಬಿರಿಯುತ್ತದೆ, ಉಗುರು ಕೊಳೆಯುತ್ತದೆ. ಮಣ್ಣು ಬೇಕು, ಕೆಸರು ಬೇಕು. ಕಿವಿಯ ಹಿಂದೆ, ನೆತ್ತಿಯ ಮೇಲೆ ಗಂಟು ಗಂಟಾದ ಹಳೇ ಕಲೆ ಇದ್ದರೆ ಅದು ಅಂಕುಶದ್ದು. ಮಾವುತನ ಕೈಯಲ್ಲಿ ಅಂಕುಶ ಇದೆ ಅಂದ ಮಾತ್ರಕ್ಕೆ ಅವನು ಕ್ರೂರಿ ಅಂತ ತೀರ್ಮಾನಿಸಬೇಡಿ, ಹೊಸ ಗಾಯ ಇದೆಯಾ ನೋಡಿ. ಕಿವಿಯಲ್ಲಿ, ಸೊಂಡಿಲಿನಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಹೆದರಬೇಡಿ. ವಯಸ್ಸಾದಂತೆ ಹಾಗಾಗುತ್ತದೆ.

ಸವಾರಿ ಯಾಕೆ ಬೇಡ ಅಂದರೆ, ಆನೆಯ ಬೆನ್ನುಮೂಳೆ ಕುದುರೆಯದ್ದರ ಹಾಗಲ್ಲ. ಮೂಳೆಯ ಮುಳ್ಳುಗಳು ಮೇಲಕ್ಕೆ ಎದ್ದಿರುತ್ತವೆ. ಅದರ ಮೇಲೆ ಕಬ್ಬಿಣದ ತೊಟ್ಟಿಲು ಕಟ್ಟಿ ದಿನವಿಡೀ ಜನ ಕೂತರೆ ಹುಣ್ಣಾಗದೆ ಇರುತ್ತದಾ?

ಸ್ನಾನ ಮಾಡಿಸುವುದೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾಡಿನಲ್ಲಿ ಆನೆ ಮೈ ತೊಳೆದ ಕೂಡಲೇ ಮಣ್ಣು ಎರಚಿಕೊಳ್ಳುತ್ತದೆ. ಬಿಸಿಲಿಗೆ, ನೊಣಕ್ಕೆ ಅದೇ ಔಷಧಿ. ನಾವು ಉಜ್ಜಿ ಉಜ್ಜಿ ತೆಗೆಯುವುದು ಆ ಔಷಧಿಯನ್ನೇ. ದಿನಕ್ಕೆ ನಾಲ್ಕು ತಂಡ ಬಂದರೆ ನಾಲ್ಕು ಸಲ ಸ್ನಾನ. ಇನ್ನೊಂದು, ಕ್ಷಯ ಮನುಷ್ಯನಿಂದ ಆನೆಗೂ ಆನೆಯಿಂದ ಮನುಷ್ಯನಿಗೂ ಹರಡುತ್ತದೆ. ಕೆಮ್ಮು ಇದ್ದವರು ದೂರ ಇರಬೇಕು. ಮಗನಿಗೂ ಹೇಳಿ, ಸೊಂಡಿಲಿನ ತುದಿಗೆ ಮುಖ ಒಡ್ಡಬಾರದು.

ಹೊಸೂರು ಕವಿತಾಪ್ರಿಯೆ:

ನಮ್ಮ ದುಬಾರೆ, ಸಕ್ರೆಬೈಲು ಬಿಟ್ಟು ಅಷ್ಟು ದೂರ ಹೋಗಬೇಕಾ? ತೆಪ್ಪಕಾಡೂ ಇದೆಯಲ್ಲ.

ತಾಳವಾಡಿ ಹುಡುಗ:

ತೆಪ್ಪಕಾಡಿಗೆ ಹೋಗಬಹುದು ಅಕ್ಕ. ಅದು ಅರಣ್ಯ ಇಲಾಖೆಯ ಕ್ಯಾಂಪು. ಮೋಯಾರ್ ಹೊಳೆ ಬದಿಯಲ್ಲಿದೆ. ಬೆಳಗ್ಗೆ, ಸಂಜೆ ರಾಗಿ, ಹುರುಳಿ, ಅನ್ನ, ಬೆಲ್ಲ ಸೇರಿಸಿ ದೊಡ್ಡ ದೊಡ್ಡ ಮುದ್ದೆ ಕಟ್ಟಿ ಬಾಯಿಗೇ ಇಡುತ್ತಾರೆ. ಅಲ್ಲಿನ ಮಾವುತರು, ಕಾವಾಡಿಗಳು ತಲೆತಲಾಂತರದಿಂದ ಕಾಡಿನವರೇ. ತಾಯಿ ಬಿಟ್ಟ ಮರಿಗಳನ್ನು ಮನೆ ಮಗುವಿನ ಹಾಗೆ ಸಾಕಿದ್ದಾರೆ. ಕೂಲಿ ಮಾತ್ರ ಆ ಪ್ರೀತಿಗೆ ತಕ್ಕ ಹಾಗಿಲ್ಲ.

ಮುಳ್ಳೇರಿಯದವಳು:

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಕಾರಡ್ಕದ ಅಣ್ಣಾ, ನಿಮ್ಮ ಮಾತು ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಅವರು ಹೇಳಿದ್ದು ಸರಿ, ಆದರೂ ನನಗೆ ನೋಡಬೇಕು" ಅಂದರು.

ಮೂರು ಕ್ಯಾಂಪಿಗೆ ಪತ್ರ ಬರೆದೆ. ಆನೆ ಎಲ್ಲಿಂದ ಬಂತು, ರಾತ್ರಿ ಎಲ್ಲಿ ಇರುತ್ತದೆ, ಆನೆಗೆ ಮನಸ್ಸಿಲ್ಲದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಒಂದು ಕಡೆಯಿಂದ ಚಂದದ ಫೋಟೋಗಳು ಬಂದವು, ಉತ್ತರ ಇಲ್ಲ. ಇನ್ನೊಂದು ಕಡೆಯವರು ಸ್ನಾನಕ್ಕೆ ಬೇರೆ ದರ ಕಳಿಸಿದರು. ಮೂರನೆಯವರು ಉದ್ದ ಬರೆದರು. ಆನೆಗಳು ಮೊದಲು ಮರ ಎಳೆದವು, ಆಮೇಲೆ ಸವಾರಿಯಲ್ಲಿದ್ದವು. ರಾತ್ರಿ ಉದ್ದದ ಸರಪಳಿ ಹಾಕುತ್ತೇವೆ, ಇಲ್ಲದಿದ್ದರೆ ಪಕ್ಕದ ರಬ್ಬರ್ ತೋಟಕ್ಕೆ ಹೋಗುತ್ತವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದರು. ಸರಪಳಿಯ ವಿಷಯ ಮುಚ್ಚಿಡಲಿಲ್ಲ. ಅದಕ್ಕೇ ಅವರಲ್ಲಿ ಬುಕ್ ಮಾಡಿದೆ.

ಮುಳ್ಳೇರಿಯದವಳು (ಹೋಗಿ ಬಂದ ಮೇಲೆ):

ಬಂದು ಒಂದು ವಾರ ಆಯಿತು. ಬರೆಯಲು ಈಗ ಪುರುಸೊತ್ತು ಸಿಕ್ಕಿತು.

ಫುಕೆಟ್‌ನಿಂದ ವ್ಯಾನಿನಲ್ಲಿ ಸುಮಾರು ಮೂರು ಗಂಟೆ. ದಾರಿಯುದ್ದಕ್ಕೂ ರಬ್ಬರ್ ತೋಟ, ತಾಳೆ ಎಣ್ಣೆಯ ತೋಟ. "ನಮ್ಮ ಬೋವಿಕ್ಕಾನದ ದಾರಿಯ ಹಾಗೇ ಉಂಟಲ್ಲ" ಅಂತ ಅಮ್ಮ. ಆಮೇಲೆ ಒಮ್ಮೆಲೇ ಸುಣ್ಣದ ಕಲ್ಲಿನ ಗುಡ್ಡಗಳು ನೆಟ್ಟಗೆ ಎದ್ದು ನಿಂತವು. ಕಾಡಿನೊಳಗೆ ಹೋದರೆ ಬೆತ್ತ, ಕೆಸು, ಕೇದಗೆ, ಬಿದಿರು. ಅಮ್ಮ ಒಂದೊಂದನ್ನೂ ಹೆಸರಿಟ್ಟು ಕರೆದರು. ಗೈಡ್ ಹುಡುಗಿ ಥಾಯ್ ಹೆಸರು ಹೇಳುವುದು, ಅಮ್ಮ ಕನ್ನಡದಲ್ಲಿ ಹೇಳುವುದು. ಇಂಬಳವೂ ನಮ್ಮ ಊರಿನದ್ದೇ.

ಟೆಂಟಿನಲ್ಲಿ ಎಸಿ ಇಲ್ಲ, ಫ್ಯಾನ್ ಇದೆ. ಹತ್ತು ಗಂಟೆಗೆ ಹೊರಗಿನ ದೀಪ ಆರಿಸುತ್ತಾರೆ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಗಿಬ್ಬನ್ ಮಂಗಗಳ ಕೂಗು. ದೂರದಲ್ಲಿ ಯಾರೋ ಎಳೆದು ಎಳೆದು ಹಾಡಿದ ಹಾಗೆ. ಮಗ ಎದ್ದು ಕೂತು ಕೇಳಿದ.

ಆನೆಯ ದಿನ ಬಂತು. ಮೊದಲು ಮೇವು ಕತ್ತರಿಸುವ ಕೆಲಸ. ಕಬ್ಬು, ಅನಾನಸ್, ಬಾಳೆ ದಿಂಡು. ಉಳಿದವರು ಕತ್ತಿ ಹಿಡಿಯಲು ಹೆದರುತ್ತಿದ್ದರು. ಅಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತರು. ದಿಂಡನ್ನು ಉದ್ದಕ್ಕೆ ಸೀಳಿ, ನಾರು ತೆಗೆದು, ಗೇಣುದ್ದಕ್ಕೆ ತುಂಡು ಮಾಡುತ್ತಾ ಹೋದರು. ಮಾವುತ ಬಂದು ಪಕ್ಕದಲ್ಲಿ ನಿಂತ. ಅರವತ್ತರ ಹತ್ತಿರದ ಮನುಷ್ಯ. ನಾರು ತೆಗೆಯುವುದು ಬೇಡ, ಅದು ನಾರು ಸಮೇತ ತಿನ್ನುತ್ತದೆ ಅಂತ ಕೈಸನ್ನೆ ಮಾಡಿ ನಕ್ಕ. ಅಮ್ಮನೂ ನಕ್ಕರು. ಹುಣಸೆಹಣ್ಣಿಗೆ ಉಪ್ಪು ಹಾಕಿ ಉಂಡೆ ಕಟ್ಟುವುದನ್ನು ಅವನು ತೋರಿಸಿದ. ಹೊಟ್ಟೆಗೆ ಒಳ್ಳೆಯದಂತೆ.

ನಮ್ಮ ಮುಂದೆ ಸೊಂಟದೆತ್ತರದ ಮರದ ಅಡ್ಡಗಂಬ. ಆಚೆ ಬದಿ ಬಯಲು, ಕೆಸರಿನ ಹೊಂಡ, ಅದರಾಚೆ ಬಿದಿರಿನ ಮೆಳೆ. ಆನೆ ಅಲ್ಲಿಂದ ತಾನಾಗಿಯೇ ಬಂತು. ಐವತ್ತು ದಾಟಿದ ಹೆಣ್ಣಾನೆ. ಬಲಗಿವಿಯ ಅಂಚು ಹರಿದಿತ್ತು. ಡಾಕ್ಟರಮ್ಮಾ, ನೆತ್ತಿಯ ಮೇಲೆ ನೀವು ಹೇಳಿದ ಹಳೇ ಗಂಟುಗಳೂ ಇದ್ದವು. ಹೊಸ ಗಾಯ ಇರಲಿಲ್ಲ. ಹತ್ತಿರ ಬಂದಾಗ ನನಗೆ ಮೊದಲು ಕಂಡದ್ದು ರೆಪ್ಪೆ. ಅಷ್ಟು ಉದ್ದ ರೆಪ್ಪೆ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ತಲೆಯ ಮೇಲೆ ತೆಂಗಿನ ನಾರಿನಂಥ ಕೂದಲು, ಒಂದೊಂದೇ ನೆಟ್ಟಗೆ ನಿಂತಿತ್ತು. ಅನಾನಸ್‌ನ ಮುಳ್ಳೆಲೆಯನ್ನೂ ಬಿಡದೆ ತಿಂದಿತು. ಆ ಜಗಿಯುವ ಸದ್ದಿಗೆ ಅಮ್ಮ ನನ್ನ ಕೈ ಹಿಡಿದುಕೊಂಡರು. ರಾತ್ರಿ ತೋಟದಲ್ಲಿ ಕೇಳಿದ್ದು ಇದೇ ಸದ್ದು ಅಂದರು.

ಅಮ್ಮ ದಿಂಡು ಚಾಚಿದರು. ಆನೆ ತುದಿಯಿಂದ ಮೂಸಿ, ತೆಗೆದುಕೊಂಡಿತು. ಎರಡನೆಯದನ್ನೂ ತೆಗೆದುಕೊಂಡಿತು. ಮೂರನೆಯದಕ್ಕೆ ಬರಲಿಲ್ಲ. ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಸುಮ್ನೆ ತಿರುಗಿ ಕೆಸರಿನ ಹೊಂಡಕ್ಕೆ ಹೋಯಿತು. ನಮ್ಮ ಗುಂಪಿನ ಇಬ್ಬರು ಫೋಟೋ ಆಗಲಿಲ್ಲ, ವಾಪಸ್ ಕರೆಯಿರಿ ಅಂದರು. ಗೈಡ್ ಹುಡುಗಿ ಇಲ್ಲ ಅಂದಳು. ಇವತ್ತಿಗೆ ಇಷ್ಟೇ, ಅದಕ್ಕೆ ಸಾಕಾಗಿದೆ ಅಂದಳು. ಮಾವುತನೂ ಅಲ್ಲಾಡಲಿಲ್ಲ. ನಾನು ಕೊಟ್ಟ ಅಷ್ಟೂ ದುಡ್ಡು ನನಗೆ ಸಾರ್ಥಕ ಅನ್ನಿಸಿದ್ದು ಆ ಹೊತ್ತಿನಲ್ಲಿ.

ಅಮ್ಮ ಅಡ್ಡಗಂಬಕ್ಕೆ ಕೈಯೂರಿ ಅಲ್ಲೇ ನಿಂತರು. ಆನೆ ಕೆಸರು ಎತ್ತಿ ಎತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಿತ್ತು. ಮುಕ್ಕಾಲು ಗಂಟೆ ನೋಡಿದೆವು.

ಚಿಯಾವ್ ಲಾನ್ ಕೆರೆಗೂ ಹೋದೆವು. ಕೆರೆ ಅನ್ನುವುದಕ್ಕಿಂತ ಅಣೆಕಟ್ಟಿನ ಹಿನ್ನೀರು. ರಚ್ಚಪ್ರಫಾ ಅಣೆಕಟ್ಟು 1987ರಲ್ಲಿ ಮುಗಿದದ್ದು. ಮುಳುಗಿದ ಕಾಡಿನ ಒಣ ಮರಗಳು ಈಗಲೂ ನೀರಿನಿಂದ ಮೇಲೆ ನಿಂತಿವೆ. ಲಿಂಗನಮಕ್ಕಿ ಹಿನ್ನೀರು ನೋಡಿದವರಿಗೆ ಹೇಳಬೇಕಾಗಿಲ್ಲ. ನೀರು ಏರುವಾಗ ಸಿಕ್ಕಿಬಿದ್ದ ಪ್ರಾಣಿಗಳನ್ನು ಸುಯೆಬ್ ನಾಖಸತಿಯೆನ್ ಎಂಬ ಅರಣ್ಯಾಧಿಕಾರಿ ತಂಡ ಕಟ್ಟಿಕೊಂಡು ದೋಣಿಯಲ್ಲಿ ಹೋಗಿ ಉಳಿಸಿದರಂತೆ. ಬಹಳಷ್ಟು ಉಳಿಯಲಿಲ್ಲ. ಅಲ್ಲಿನವರು ಅವರ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ.

ಸರಿ ಕಾಣದ್ದನ್ನೂ ಹೇಳಬೇಕು. ಕೆರೆಯ ದೋಣಿಗಳದ್ದು ಡೀಸೆಲ್ ಎಂಜಿನ್, ಕಿವಿ ಕಿತ್ತುಹೋಗುವ ಸದ್ದು. ಕ್ಯಾಂಪಿನಲ್ಲಿ ಗಾಜಿನ ಬಾಟಲಿ, ದೋಣಿಯಲ್ಲಿ ಮಾತ್ರ ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಹೊರಡುವಾಗ ಇದನ್ನು ಬರೆದುಕೊಟ್ಟು ಬಂದೆ.

ಹೊಸೂರು ಕವಿತಾಪ್ರಿಯೆ:

ಓದುತ್ತಾ ಕಣ್ಣು ತುಂಬಿತು. ಸಸ್ಯಾಹಾರ ಸಿಗುತ್ತದಾ? ಅತ್ತೆಯನ್ನು ಕರೆದುಕೊಂಡು ಹೋಗಬೇಕು.

ಮುಳ್ಳೇರಿಯದವಳು:

ಮೊದಲೇ ಹೇಳಬೇಕು. ಮೀನಿನ ಸಾಸ್ ಎಲ್ಲದಕ್ಕೂ ಹಾಕುತ್ತಾರೆ, ಅದನ್ನು ಬೇಡ ಅಂತ ಬೇರೆಯಾಗಿಯೇ ಹೇಳಿ. ತೆಂಗಿನ ಹಾಲಿನ ಪದಾರ್ಥ, ಬೆಳ್ತಿಗೆ ಅನ್ನ, ಹಣ್ಣು ಧಾರಾಳ. ನಾವು ಉಪ್ಪಿನಕಾಯಿ, ಚಟ್ನಿಪುಡಿ ಕೊಂಡುಹೋಗಿದ್ದೆವು. ಅತ್ತೆಗೆ ಮಂಡಿ ನೋವಿದ್ದರೆ ಟೆಂಟಿಗೆ ಹತ್ತುವ ಮೆಟ್ಟಿಲು ಎಷ್ಟು ಅಂತ ಕೇಳಿಕೊಳ್ಳಿ.

ಪುತ್ತೂರಿನ ಪಶುವೈದ್ಯೆ:

ಆನೆ ಹೊರಟು ಹೋಯಿತು, ಅವರು ಕರೆಯಲಿಲ್ಲ ಅಂದಿರಲ್ಲ. ನನಗೆ ಅದೊಂದು ಸಾಲು ಸಾಕು.

ಕಾರಡ್ಕದ ಕೃಷಿಕ:

ತಂಗೀ, ನೀನು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿದೆ. ನಿನ್ನೆ ರಾತ್ರಿ ಇಲ್ಲಿ ಮತ್ತೆ ಇಳಿದಿವೆ. ಬೇಲಿಯ ಒಂದು ಕಡೆ ಬಳ್ಳಿ ಹಬ್ಬಿತ್ತು, ಅಲ್ಲಿಂದಲೇ ನುಗ್ಗಿವೆ. ಹನ್ನೊಂದು ಬಾಳೆ ಹೋಯಿತು. ನಿಮ್ಮ ತೋಟದ ಕಡೆಗೇ ಹೋದ ಹಾಗೆ ಕಾಣುತ್ತದೆ. ಅಮ್ಮನಿಗೆ ಫೋನ್ ಮಾಡಿ ರಾತ್ರಿ ಹೊರಗೆ ಬರಬೇಡಿ ಅಂತ ಹೇಳು.

ಮುಳ್ಳೇರಿಯದವಳು:

ಈಗಲೇ ಫೋನ್ ಮಾಡಿದೆ ಅಣ್ಣಾ. ಪಕ್ಕದ ಮನೆಯ ಹುಡುಗರು ಇವತ್ತು ರಾತ್ರಿ ಅಮ್ಮನ ಜೊತೆ ಇರುತ್ತಾರೆ. ಮರಿ ಇತ್ತಾ ಅಂತ ಅಮ್ಮ ಕೇಳುತ್ತಿದ್ದಾರೆ.

ಕಾರಡ್ಕದ ಕೃಷಿಕ:

ಇತ್ತು. ಹೊಳೆಯ ಬದಿಯ ಹೊಯಿಗೆಯಲ್ಲಿ ಹೆಜ್ಜೆ ಸರಿಯಾಗಿ ಕಾಣುತ್ತದೆ. ಎರಡು ಮರಿ.